ಕಾಲಂ ಹೆಸರು ಬದಲಿಸುವಾಗ ದೋಷ ಬರಲಿಲ್ಲ. ಆದರೂ ಅರ್ಧ ಕಾಲಂ ಖಾಲಿ ಏಕೆ?

ಪ್ರಶ್ನೆ: ನಾನು ಮಂಡ್ಯದಲ್ಲಿರುವ ಸಂಶೋಧನಾ ವಿದ್ಯಾರ್ಥಿನಿ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು, ಭತ್ತ ಬೆಳೆಯುವ ಕುಟುಂಬಗಳ ಸಮೀಕ್ಷೆ ಮಾಡಿಸಿದ್ದೇನೆ. ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ತಂಡಗಳಿಂದ ನಾಲ್ಕು ಎಕ್ಸೆಲ್ ಫೈಲುಗಳು ಬಂದಿವೆ; ಕಾಲಂಗಳ ತಲೆಬರಹ ಕನ್ನಡದಲ್ಲಿದೆ. ಪೈಥಾನ್‌ನ ಪಾಂಡಾಸ್ (ಟೇಬಲುಗಳನ್ನು ನಿಭಾಯಿಸುವ ಪ್ಯಾಕೇಜ್) ಬಳಸಿ ಕಾಲಂಗಳ ಹೆಸರು ಬದಲಿಸಿ ನಾಲ್ಕನ್ನೂ ಜೋಡಿಸಿದೆ. ಎಲ್ಲಿಯೂ ದೋಷ ತೋರಿಸಲಿಲ್ಲ. ಆದರೆ ಜಮೀನಿನ ಕಾಲಂ ಎರಡಾಗಿದೆ, ಎರಡೂ ಅರ್ಧರ್ಧ ಖಾಲಿ. ಶ್ರೀರಂಗಪಟ್ಟಣದ ಫೈಲಿನಲ್ಲಿ ‘ಕ್ರಮ ಸಂಖ್ಯೆ’ ಕಣ್ಣೆದುರಿಗೇ ಇದ್ದರೂ ಅಂಥ ಕಾಲಂ ಇಲ್ಲ ಎನ್ನುತ್ತದೆ. ಎಕ್ಸೆಲ್‌ನಲ್ಲಿಯೇ ಕೈಯಿಂದ ತಿದ್ದಿ ಎರಡು ಕಾಲಂಗಳನ್ನು ಒಂದು ಮಾಡಿಬಿಡಲೇ? ನಾಲ್ಕೂ ಫೈಲುಗಳ ತಲೆಬರಹ ಮತ್ತು ಮೊದಲ ಐವತ್ತು ಸಾಲುಗಳನ್ನು, ಹೆಸರು–ಫೋನ್ ಸಂಖ್ಯೆಗಳನ್ನು ತೆಗೆದು, ಕಳುಹಿಸಿದ್ದೇನೆ.

ಉತ್ತರ: ಕೈಯಿಂದ ತಿದ್ದಬೇಡಿ, ಆ ಎರಡು ಕಾಲಂಗಳನ್ನು ಸದ್ಯಕ್ಕೆ ಒಂದು ಮಾಡಲೂ ಬೇಡಿ. ಎರಡನೆಯ ಮಾತಿಗೆ ಕಾರಣವನ್ನು ಸ್ವಲ್ಪ ತಡವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಫೈಲುಗಳಲ್ಲಿರುವ ನಿಜವಾದ ಸಮಸ್ಯೆ ಅದೇ. ಖಾಲಿ ಕಾಲಂ ಅದರ ಹೊರಗಿನ ಲಕ್ಷಣ ಮಾತ್ರ. ಮೊದಲನೆಯದರ ಕಾರಣ ಸರಳವಾಗಿದೆ. ಮಳವಳ್ಳಿಯ ತಂಡದವರು ಬಿಟ್ಟುಹೋಗಿದ್ದ ಮನೆಗಳನ್ನು ಸೇರಿಸಿ ನಾಳೆ ಹೊಸ ಫೈಲು ಕಳುಹಿಸಿದರೆ, ಹಿಂದಿನ ಸಲ ಯಾವ ತಲೆಬರಹವನ್ನು ಹೇಗೆ ತಿದ್ದಿದ್ದಿರಿ ಎಂಬುದು ನಿಮಗೂ ನೆನಪಿರುವುದಿಲ್ಲ, ಮಾರ್ಗದರ್ಶಕರು ಕೇಳಿದಾಗ ತೋರಿಸಲು ಕುರುಹೂ ಉಳಿದಿರುವುದಿಲ್ಲ. ಬಂದ ಫೈಲುಗಳನ್ನು ಬಂದ ಹಾಗೆಯೇ ಒಂದು ಫೋಲ್ಡರಿನಲ್ಲಿ ಇಟ್ಟು, ಯಾರೂ ಬರೆಯಲಾಗದಂತೆ ‘ಓದಲು ಮಾತ್ರ’ ಎಂದು ಮಾಡಿ, ತಿದ್ದುವುದನ್ನೆಲ್ಲ ಕೋಡಿನಲ್ಲಿ ಬರೆಯಿರಿ.

ಈಗ ‘ದೋಷ ತೋರಿಸಲಿಲ್ಲ’ ಎಂಬ ಮಾತಿಗೆ ಬರೋಣ. ಪಾಂಡಾಸ್‌ನ ‘ರೀನೇಮ್’ ಎಂಬ ಆದೇಶಕ್ಕೆ ನೀವು ಹಳೆಯ ಹೆಸರು ಮತ್ತು ಹೊಸ ಹೆಸರುಗಳ ಜೋಡಿಗಳನ್ನು ಕೊಡುತ್ತೀರಿ. ಹಳೆಯ ಹೆಸರು ಟೇಬಲಿನಲ್ಲಿ ಸಿಕ್ಕರೆ ಅದನ್ನು ಬದಲಿಸುತ್ತದೆ. ಸಿಗದಿದ್ದರೆ ಚಕಾರವೆತ್ತದೆ ಮುಂದಕ್ಕೆ ಹೋಗುತ್ತದೆ. ಇದು ಅದರ ದೋಷವಲ್ಲ, ಅದನ್ನು ಹಾಗೆಯೇ ರೂಪಿಸಿದ್ದಾರೆ. ಅದರ ‘ಎರರ್ಸ್’ ಎಂಬ ಆಯ್ಕೆಯ ಮೊದಲೇ ಗೊತ್ತುಮಾಡಿದ ಮೌಲ್ಯ ‘ಇಗ್ನೋರ್’, ಅಂದರೆ ಕಡೆಗಣಿಸು. ಅದನ್ನು ‘ರೈಸ್’ ಎಂದು ಬದಲಿಸಿದರೆ ಇಲ್ಲದ ಹೆಸರನ್ನು ಕೇಳಿದ ಕೂಡಲೇ ಕೆಲಸ ನಿಲ್ಲಿಸಿ, ಯಾವ ಹೆಸರು ಸಿಗಲಿಲ್ಲ ಎಂದು ಹೇಳುತ್ತದೆ. ಸಮೀಕ್ಷೆಯ ದತ್ತಾಂಶದಲ್ಲಿ ಈ ಆಯ್ಕೆಯನ್ನು ಬಿಟ್ಟು ‘ರೀನೇಮ್’ ಬಳಸಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ಎರಡನೆಯ ಮೌನ ‘ಕಾನ್‌ಕ್ಯಾಟ್’ ಆದೇಶದ್ದು. ಟೇಬಲುಗಳನ್ನು ಒಂದರ ಕೆಳಗೊಂದು ಜೋಡಿಸುವಾಗ ಅದು ಎಲ್ಲ ಫೈಲುಗಳ ಎಲ್ಲ ಕಾಲಂಗಳನ್ನೂ ಉಳಿಸಿಕೊಳ್ಳುತ್ತದೆ; ಯಾವ ಫೈಲಿನಲ್ಲಿ ಯಾವ ಕಾಲಂ ಇಲ್ಲವೋ ಅಲ್ಲಿ ಖಾಲಿ ಗುರುತು ಹಾಕುತ್ತದೆ. ನಿಮ್ಮ ಮದ್ದೂರು ಮತ್ತು ಪಾಂಡವಪುರದ ಫೈಲುಗಳಲ್ಲಿ ‘ಜಮೀನು (ಎಕರೆ)’ ಎಂದಿದೆ, ನಡುವೆ ಒಂದು ಜಾಗವಿದೆ. ಮಳವಳ್ಳಿ ಮತ್ತು ಶ್ರೀರಂಗಪಟ್ಟಣದವರು ‘ಜಮೀನು(ಎಕರೆ)’ ಎಂದು ಒತ್ತಾಗಿ ಬರೆದಿದ್ದಾರೆ. ನಿಮ್ಮ ಕೋಡಿನಲ್ಲಿದ್ದದ್ದು ಜಾಗವಿರುವ ರೂಪ ಮಾತ್ರ. ಆದ್ದರಿಂದ ಎರಡು ಫೈಲುಗಳಲ್ಲಿ ಹೆಸರು ಬದಲಾಯಿತು, ಇನ್ನೆರಡರಲ್ಲಿ ಹಳೆಯದೇ ಉಳಿಯಿತು, ಜೋಡಿಸಿದಾಗ ಎರಡು ಅರ್ಧ ಕಾಲಂಗಳಾದವು. ಹೀಗೆ ಎರಡು ಮೌನಗಳು ಕೂಡಿಕೊಂಡು ನಿಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿವೆ.

‘ಕ್ರಮ ಸಂಖ್ಯೆ’ಯದು ಇನ್ನೂ ಸ್ವಾರಸ್ಯದ ಕಥೆ. ಶ್ರೀರಂಗಪಟ್ಟಣದ ಫೈಲಿನಲ್ಲಿ ಆ ತಲೆಬರಹ ‘ಕ್ರಮ ಸ೦ಖ್ಯೆ’ ಎಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ಕಾಣುವುದು ಕಷ್ಟ. ಟೈಪ್ ಮಾಡಿದವರು ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದಾರೆ. ಎರಡರಲ್ಲಿಯೂ ಅಕ್ಷರಸಂಕೇತಗಳು ಹನ್ನೊಂದೇ ಇರುವುದರಿಂದ ಉದ್ದವನ್ನು ಎಣಿಸಿದರೂ ಸಿಕ್ಕಿಬೀಳುವುದಿಲ್ಲ. ಪೈಥಾನ್‌ನ ‘ಆರ್ಡ್’ ಎಂಬ ಆದೇಶಕ್ಕೆ ಒಂದೊಂದೇ ಅಕ್ಷರವನ್ನು ಕೊಟ್ಟು ಅದರ ಯೂನಿಕೋಡ್ ಸಂಖ್ಯೆಯನ್ನು, ಅಂದರೆ ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು, ಕೇಳಿದರೆ ಮಾತ್ರ ಬಣ್ಣ ಬಯಲಾಗುತ್ತದೆ: ಅನುಸ್ವಾರಕ್ಕೆ 3202, ಅಂಕಿ ಸೊನ್ನೆಗೆ 3302. ಸರಿಯಾಗಿ ನೂರರ ಅಂತರ, ನೆನಪಿಟ್ಟುಕೊಳ್ಳಲು ಸುಲಭ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ರೂಢಿಯಾದವರ ಬೆರಳುಗಳಿಂದ ಈ ತಪ್ಪು ಇಂದಿಗೂ ಧಾರಾಳವಾಗಿ ಬರುತ್ತದೆ; ತಲೆಬರಹಕ್ಕಿಂತ ಹೆಚ್ಚಾಗಿ ಊರುಗಳ ಹೆಸರುಗಳಲ್ಲಿ ಬರುತ್ತದೆ ಎಂಬುದನ್ನೂ ಗಮನದಲ್ಲಿಡಿ. ಶ್ರೀರ೦ಗಪಟ್ಟಣ ಎಂದು ಸೊನ್ನೆ ಹಾಕಿ ಬರೆದ ಸಾಲುಗಳು ತಾಲ್ಲೂಕುವಾರು ಲೆಕ್ಕದಲ್ಲಿ ಬೇರೆಯೇ ತಾಲ್ಲೂಕಾಗಿ ನಿಲ್ಲುತ್ತವೆ.

ಇದೇ ಜಾತಿಗೆ ಸೇರಿದ, ಕಣ್ಣಿಗೆ ಕಾಣದ ಇನ್ನಷ್ಟು ತೊಡಕುಗಳಿವೆ. ‘ಕೊಳವೆ ಬಾವಿ’ ಎಂಬ ತಲೆಬರಹದ ಮೊದಲ ಅಕ್ಷರವನ್ನೇ ನೋಡಿ. ‘ಕ’ಕಾರಕ್ಕೆ 3274 ಎಂಬ ಒಂದೇ ಸ್ವರಚಿಹ್ನೆಯನ್ನು ಸೇರಿಸಿದರೂ ‘ಕೊ’ ಆಗುತ್ತದೆ. 3270 ಮತ್ತು 3266 ಎಂಬ ಎರಡು ಚಿಹ್ನೆಗಳನ್ನು, ಅಂದರೆ ಎತ್ವವನ್ನೂ ಕೊಂಬಿನ ದೀರ್ಘವನ್ನೂ, ಒಂದರ ಹಿಂದೊಂದು ಸೇರಿಸಿದರೂ ಪರದೆಯ ಮೇಲೆ ಅದೇ ‘ಕೊ’ ಮೂಡುತ್ತದೆ. ಓದುಗನಿಗೆ ಒಂದೇ, ಪೈಥಾನ್‌ಗೆ ಎರಡು. ಇದಕ್ಕೆ ಯೂನಿಕೋಡ್‌ನವರೇ ಮದ್ದು ಇಟ್ಟಿದ್ದಾರೆ: ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಆದೇಶವನ್ನು ‘ಎನ್ಎಫ್‌ಸಿ’ ಎಂಬ ಕ್ರಮದಲ್ಲಿ ನಡೆಸಿದರೆ ಒಡೆದ ರೂಪಗಳೆಲ್ಲ ಕೂಡಿದ ರೂಪಕ್ಕೆ ಬರುತ್ತವೆ. ಆದರೆ ಅದು ಮೇಲೆ ಹೇಳಿದ ಸೊನ್ನೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಯೂನಿಕೋಡ್‌ನ ದೃಷ್ಟಿಯಲ್ಲಿ ಅಂಕಿ ಅಂಕಿಯೇ. ಅರ್ಧಾಕ್ಷರವನ್ನು ಒತ್ತಕ್ಷರವಾಗದಂತೆ ತಡೆಯಲು ನಾವು ಹಾಕುವ, ಸಂಖ್ಯೆ 8204ರ ಅದೃಶ್ಯ ಗುರುತನ್ನೂ ಅದು ತೆಗೆಯುವುದಿಲ್ಲ. ‘ವಾರ್ಡ್‌ನ ಹೆಸರು’ ಎಂಬಲ್ಲಿ ಆ ಗುರುತು ಇರುತ್ತದೆ. ಇನ್ನೊಬ್ಬರು ಅದಿಲ್ಲದೆ ಬರೆದರೆ ‘ವಾರ್ಡ್ನ’ ಎಂದು ಒತ್ತಾಗಿ ಕಾಣುತ್ತದೆ. ವರ್ಡ್ ಕಡತದಿಂದಲೋ ವೆಬ್ ಪುಟದಿಂದಲೋ ನಕಲು ಮಾಡಿ ತಂದ ತಲೆಬರಹಗಳಲ್ಲಿ ಮಾಮೂಲಿ ಜಾಗದ (32) ಬದಲು ಮುರಿಯದ ಜಾಗ (160) ಕುಳಿತಿರುವುದುಂಟು. ಎಕ್ಸೆಲ್‌ನ ಒಂದೇ ಸೆಲ್ಲಿನೊಳಗೆ ಸಾಲು ಮುರಿದು ಬರೆದಿದ್ದರೆ ಹೆಸರಿನ ನಡುವೆಯೇ ಹೊಸಸಾಲಿನ ಗುರುತು ಇರುತ್ತದೆ. ಎಕ್ಸೆಲ್‌ನಿಂದ ಯುಟಿಎಫ್-8 (ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಸಿಎಸ್‌ವಿಯಾಗಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ, ಉಳಿಸಿದ ಫೈಲಿನ ಆರಂಭದಲ್ಲಿ 65279 ಎಂಬ ಅದೃಶ್ಯ ಗುರುತು ಸೇರಿಕೊಳ್ಳುತ್ತದೆ. ಪಾಂಡಾಸ್ ಅದನ್ನು ತಾನೇ ನಿಭಾಯಿಸಿದರೂ, ಪೈಥಾನ್‌ನ ಸ್ವಂತ ಸಿಎಸ್‌ವಿ ಮಾಡ್ಯೂಲಿನಿಂದ ಸಾದಾ ಯುಟಿಎಫ್-8 ಎಂದು ಓದಿದರೆ ಅದು ಮೊದಲ ಕಾಲಂ ಹೆಸರಿಗೆ ಅಂಟಿಕೊಂಡು ಬರುತ್ತದೆ. ‘ಸ್ಟ್ರಿಪ್’ ಆದೇಶ ತುದಿಗಳಲ್ಲಿರುವ ಜಾಗಗಳನ್ನು, 160 ಸೇರಿದಂತೆ, ತೆಗೆಯುತ್ತದೆ. ಆದರೆ 8204 ಮತ್ತು 65279 ಅದರ ಲೆಕ್ಕದಲ್ಲಿ ಜಾಗಗಳೇ ಅಲ್ಲ.

ಹೀಗಾಗಿ ನಾನು ಪ್ರತಿಯೊಂದು ತಲೆಬರಹದಿಂದ ಒಂದು ‘ಹೋಲಿಕೆಯ ಕೀಲಿ’ಯನ್ನು ತಯಾರಿಸುವ ಹತ್ತು ಸಾಲಿನ ಸಣ್ಣ ಫಂಕ್ಷನ್ ಇಟ್ಟುಕೊಂಡಿದ್ದೇನೆ. ಅದು ಮೊದಲು ಎನ್ಎಫ್‌ಸಿ ಮಾಡುತ್ತದೆ. ಆಮೇಲೆ 8204, ಅದರ ಜೊತೆಗಾರ ಅದೃಶ್ಯ ಗುರುತು 8205, ಮತ್ತು 65279 ಇವುಗಳನ್ನು ಕಿತ್ತುಹಾಕುತ್ತದೆ. ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಅಂಕಿ ಸೊನ್ನೆ ಬಂದಿದ್ದರೆ ಅದನ್ನು ಅನುಸ್ವಾರ ಮಾಡುತ್ತದೆ. ಕೊನೆಗೆ ಎಲ್ಲ ಬಗೆಯ ಜಾಗಗಳನ್ನೂ ತೆಗೆದುಹಾಕುತ್ತದೆ. ಸೊನ್ನೆಯ ವಿಷಯದಲ್ಲಿ ‘ಅಕ್ಷರದ ಬೆನ್ನಿಗೇ’ ಎಂಬ ಕಟ್ಟು ಮುಖ್ಯ. ಅದಿಲ್ಲದಿದ್ದರೆ ‘ಪ್ರಶ್ನೆ ೧೦’ ಎಂಬ ತಲೆಬರಹದ ಹತ್ತು ಕೆಟ್ಟುಹೋಗುತ್ತದೆ. ಈ ಕೀಲಿ ಹೋಲಿಸುವುದಕ್ಕೆ ಮಾತ್ರ. ವರದಿಯಲ್ಲಿ ಅಚ್ಚಾಗುವ ಹೆಸರಿಗೆ 8204ರ ಗುರುತು ಬೇಕೇ ಬೇಕು, ಇಲ್ಲದಿದ್ದರೆ ಬರಹ ವಿಕಾರವಾಗುತ್ತದೆ. ಕೀಲಿ ತಯಾರಾದ ಮೇಲೆ ಒಂದೇ ಫೈಲಿನ ಎರಡು ಬೇರೆ ಕಾಲಂಗಳಿಗೆ ಒಂದೇ ಕೀಲಿ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಅಲ್ಲಿಯೇ ನಿಲ್ಲಿಸಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. ನುಡಿ ಮೊದಲಾದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಎಕ್ಸೆಲ್ ಹಾಳೆ ನಿಮ್ಮ ಕೈಗೆ ಬಂದರೆ, ಪರದೆಯ ಮೇಲೆ ಚೆಂದದ ಕನ್ನಡ ಕಂಡರೂ ಪೈಥಾನ್ ಓದಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಿಗುತ್ತವೆ. ಅಂಥದ್ದನ್ನು ತಲೆಬರಹದ ಮಟ್ಟದಲ್ಲಿ ಸರಿಪಡಿಸಲು ಹೋಗಬಾರದು. ಇಡೀ ಹಾಳೆಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ನಿಮ್ಮ ಫೈಲುಗಳಲ್ಲಿ ಈ ಪೀಡೆ ಇಲ್ಲ.

ಹೊಸ ಹೆಸರುಗಳನ್ನು ಕನ್ನಡದಲ್ಲಿ ಇಡಬೇಕೋ ಇಂಗ್ಲಿಷ್ ಅಕ್ಷರಗಳಲ್ಲಿ ಇಡಬೇಕೋ ಎಂಬುದನ್ನು ನೀವು ಕೇಳಿಲ್ಲ, ಆದರೆ ಹೆಸರು ಬದಲಿಸುವವರೆಲ್ಲ ಎದುರಿಸಬೇಕಾದ ಪ್ರಶ್ನೆ ಅದು. ಪೈಥಾನ್, ಪಾಂಡಾಸ್ ಎರಡಕ್ಕೂ ಕನ್ನಡದ ಹೆಸರುಗಳು ಒಗ್ಗುತ್ತವೆ. ತೊಂದರೆ ಆರಂಭವಾಗುವುದು ದತ್ತಾಂಶ ಇನ್ನೊಂದು ಸಾಫ್ಟ್‌ವೇರಿಗೆ ಹೋದಾಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ನೀವು ಹಳ್ಳಿಗಳ ನಕ್ಷೆ ಮಾಡಲೆಂದು ಟೇಬಲನ್ನು ಶೇಪ್‌ಫೈಲಿಗೆ ಹಾಕಿದಿರಿ ಎನ್ನೋಣ; ನಕ್ಷೆಯ ದತ್ತಾಂಶವಿಡುವ ಆ ಫೈಲಿನ ಡಿಬಿಎಫ್ ಎಂಬ ಟೇಬಲ್ ಭಾಗದಲ್ಲಿ ಕಾಲಂ ಹೆಸರಿಗೆ ಸಿಗುವುದು 10 ಬೈಟ್ ಮಾತ್ರ. ‘ನೀರಾವರಿ ಮೂಲ’ ಎಂಬುದು ‘ನೀರ’ ಆಗುತ್ತದೆ, ‘ನೀರಿನ ದರ’ ಎಂಬುದೂ ‘ನೀರ’ ಆಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಮಿತಿ 63 ಬೈಟ್, ಅಂದರೆ ಕನ್ನಡದ 21 ಸಂಕೇತಗಳು. ಸಮೀಕ್ಷೆಯ ಪೂರ್ತಿ ಪ್ರಶ್ನೆಯನ್ನೇ ತಲೆಬರಹವಾಗಿ ಇಟ್ಟುಕೊಂಡಿದ್ದರೆ ಅದು ಮೂರನೆಯ ಪದಕ್ಕೇ ತುಂಡಾಗುತ್ತದೆ.

ಹಾಗೆಂದು ತಾನಾಗಿಯೇ ಲಿಪ್ಯಂತರ ಮಾಡುವ ಸಾಧನಗಳಿಗೆ ಕೆಲಸ ಒಪ್ಪಿಸುವುದೂ ಅಪಾಯವೇ. ಆರ್ ಭಾಷೆಯ ಜಾನಿಟರ್ ಪ್ಯಾಕೇಜಿನಲ್ಲಿ ‘ಕ್ಲೀನ್ ನೇಮ್ಸ್’ ಎಂಬ ಜನಪ್ರಿಯ ಆದೇಶವಿದೆ. ಅದು ಹೆಸರುಗಳನ್ನು ಸಾದಾ ಇಂಗ್ಲಿಷ್ ಅಕ್ಷರಗಳಿಗೆ ಇಳಿಸುತ್ತದೆ. ಇಂಗ್ಲಿಷ್ ತಲೆಬರಹಗಳಿಗೆ ಅದು ಬಹಳ ಉಪಯುಕ್ತ. ಕನ್ನಡದಲ್ಲಿ ಹೀಗೆ ಇಳಿಸುವಾಗ ಳಕಾರ ಲಕಾರಗಳ ಭೇದವೂ ಹ್ರಸ್ವ ದೀರ್ಘಗಳ ಭೇದವೂ ಅಳಿಸಿಹೋಗುತ್ತವೆ. ನಿಮ್ಮದು ರೈತ ಕುಟುಂಬಗಳ ಸಮೀಕ್ಷೆ. ‘ಬೆಳೆ’ ಎಂಬ ಕಾಲಂ ಇದೆ, ‘ಬೆಲೆ’ ಎಂಬ ಕಾಲಮೂ ಇದೆ. ಲಿಪ್ಯಂತರವಾದ ಮೇಲೆ ಎರಡೂ ಒಂದೇ ಹೆಸರಾಗಿ, ಎರಡನೆಯದರ ಬಾಲಕ್ಕೆ 2 ಎಂಬ ಅಂಕಿ ಬಂದು ಕೂರುತ್ತದೆ. ಯಾವುದು ಕಬ್ಬು, ಯಾವುದು ರೂಪಾಯಿ ಎಂದು ಆರು ತಿಂಗಳ ಮೇಲೆ ಹೇಳಬಲ್ಲವರು ಯಾರು?

ನನ್ನ ಸಲಹೆ ಇದು: ಯಂತ್ರಕ್ಕಾಗಿ ನೀವೇ ಯೋಚಿಸಿ ಇಟ್ಟ, ಚಿಕ್ಕ ಇಂಗ್ಲಿಷ್ ಅಕ್ಷರಗಳ, ಅಳತೆಯ ಘಟಕವನ್ನೂ ಒಳಗೊಂಡ ಒಂದು ಹೆಸರು, ಮನುಷ್ಯರಿಗಾಗಿ ಪೂರ್ಣ ಕನ್ನಡದ ಒಂದು ವಿವರಣೆ. ಎರಡನ್ನೂ ಕೋಡಿನೊಳಗೆ ಹೂತುಹಾಕದೆ ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ. ಒಂದೊಂದು ಸಾಲಿನಲ್ಲಿ ಫೈಲಿನ ಹೆಸರು, ಅದರಲ್ಲಿ ಇರುವ ಹಾಗೆಯೇ ಮೂಲ ತಲೆಬರಹ, ಹೊಸ ಹೆಸರು, ಕನ್ನಡ ವಿವರಣೆ, ಪ್ರಶ್ನಾವಳಿಯ ಪ್ರಶ್ನೆ ಸಂಖ್ಯೆ, ಘಟಕ, ಇರಬಹುದಾದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಮೌಲ್ಯ, ಇಷ್ಟಿರಲಿ. ಫೈಲಿನ ಹೆಸರು ಬೇಕೇ ಎಂದು ಅನ್ನಿಸಬಹುದು. ಬೇಕು, ಒಂದೇ ತಲೆಬರಹ ಎರಡು ತಂಡಗಳಲ್ಲಿ ಎರಡು ಅರ್ಥ ಹೊತ್ತಿರುತ್ತದೆ ಎಂಬುದಕ್ಕೆ ನಿಮ್ಮ ಫೈಲುಗಳೇ ಸಾಕ್ಷಿಯಾಗಲಿವೆ. ಮೂಲ ಹೆಸರನ್ನು ಎಂದಿಗೂ ಕೈಬಿಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂಲ ದತ್ತಾಂಶದಲ್ಲಿ ಉತ್ತರಿಸಿದ ಮಹಿಳೆಯ ವಯಸ್ಸಿಗೆ ‘ವಿ012’ ಎಂದೂ ಮನೆಯ ಸದಸ್ಯರ ಸಂಖ್ಯೆಗೆ ‘ಎಚ್‌ವಿ009’ ಎಂದೂ ಹೆಸರಿದೆ. ಓದಲು ನೀರಸವಾಗಿದ್ದರೂ ಆ ದತ್ತಾಂಶದಲ್ಲಿ ಕೆಲಸ ಮಾಡುವವರೆಲ್ಲ ಅದೇ ಸಂಕೇತದಿಂದ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುತ್ತಾರೆ. ಸ್ವಂತ ಹೆಸರು ಕೊಟ್ಟು ಮೂಲವನ್ನು ಅಳಿಸಿದವರು ಆ ಮಾತುಕತೆಯಿಂದಲೇ ಹೊರಗುಳಿಯುತ್ತಾರೆ.

ಕೋಡು ಆ ಹಾಳೆಯನ್ನು ಓದಿ, ಒಂದೊಂದು ಫೈಲಿಗೂ ಎರಡು ಪಟ್ಟಿಗಳನ್ನು ಅಚ್ಚು ಮಾಡಲಿ: ಹಾಳೆಯಲ್ಲಿದ್ದು ಫೈಲಿನಲ್ಲಿ ಇಲ್ಲದ ಹೆಸರುಗಳು, ಫೈಲಿನಲ್ಲಿದ್ದು ಹಾಳೆಯಲ್ಲಿ ಇಲ್ಲದ ಹೆಸರುಗಳು. ಪೈಥಾನ್‌ನ ‘ಸೆಟ್’ಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಇದು ಎರಡೇ ಸಾಲಿನ ಕೆಲಸ. ಎರಡೂ ಪಟ್ಟಿಗಳು ಖಾಲಿಯಾಗುವವರೆಗೆ ಮುಂದೆ ಹೋಗಬಾರದು. ಎರಡನೆಯ ಪಟ್ಟಿಯನ್ನು ಬಹಳ ಜನ ನೋಡುವುದೇ ಇಲ್ಲ, ಆದರೆ ನನ್ನ ಅನುಭವದಲ್ಲಿ ಹೆಚ್ಚು ಸುದ್ದಿ ಸಿಗುವುದು ಅಲ್ಲಿಯೇ. ‘ವಯಸ್ಸು.1’ ಎಂಬ ಹೆಸರು ಅಲ್ಲಿ ಕಂಡರೆ, ಮೂಲ ಹಾಳೆಯಲ್ಲಿ ‘ವಯಸ್ಸು’ ಎಂಬ ಕಾಲಂ ಎರಡು ಸಲ ಇದೆ, ಓದುವಾಗ ಪಾಂಡಾಸ್ ತಾನೇ ಬಾಲ ಅಂಟಿಸಿದೆ ಎಂದರ್ಥ. ಹೆಚ್ಚಾಗಿ ಒಂದು ಯಜಮಾನರದು, ಇನ್ನೊಂದು ಅವರ ಪತ್ನಿಯದು ಆಗಿರುತ್ತದೆ. ‘ಅನ್‌ನೇಮ್ಡ್’ ಎಂದು ಆರಂಭವಾಗುವ ಹೆಸರು ಕಂಡರೆ ತಲೆಬರಹವೇ ಇಲ್ಲದ ಕಾಲಂ ಇದೆ. ಯಾರೋ ಬದಿಯಲ್ಲಿ ‘ಮನೆ ಬೀಗ’, ‘ಮತ್ತೆ ಬರಲು ಹೇಳಿದರು’ ಎಂದು ಟಿಪ್ಪಣಿ ಬರೆದಿರಬಹುದು, ಎಸೆಯುವ ಮುನ್ನ ಓದಿ.

ಹೆಸರು ಬದಲಿಸಿದ ಮೇಲೆ ಎರಡು ಕಾಲಂಗಳಿಗೆ ಒಂದೇ ಹೆಸರು ಬಂದಿಲ್ಲವೆಂದು ‘ಈಸ್ ಯೂನಿಕ್’ ಎಂಬ ಗುಣವನ್ನು ಕೇಳಿ ಖಚಿತಪಡಿಸಿಕೊಳ್ಳಿ. ‘ರೀನೇಮ್’ ಅದನ್ನೂ ತಡೆಯುವುದಿಲ್ಲ, ‘ರೈಸ್’ ಹಾಕಿದ್ದರೂ ತಡೆಯುವುದಿಲ್ಲ. ನಿಮ್ಮ ಸಹಪಾಠಿಗಳು ಆರ್ ಬಳಸುವವರಾದರೆ ಇದನ್ನೂ ತಿಳಿಸಿ: ಅಲ್ಲಿನ ಡಿಪ್ಲೈಯರ್ ಪ್ಯಾಕೇಜಿನ ‘ರೀನೇಮ್’ ಇಲ್ಲದ ಹೆಸರು ಕಂಡರೆ ತಾನಾಗಿಯೇ ನಿಲ್ಲುತ್ತದೆ, ಆದರೆ ಅಲ್ಲಿ ಜೋಡಿಯನ್ನು ಬರೆಯುವ ಕ್ರಮ ತಿರುಗುಮುರುಗು, ಹೊಸದು ಮೊದಲು, ಹಳೆಯದು ಆಮೇಲೆ.

ನಿಮ್ಮ ಕೋಡಿನ ಕೊನೆಯಲ್ಲಿ, ಬಹುಶಃ ಬೇಸತ್ತು, ಮಳವಳ್ಳಿಯ ಫೈಲಿಗೆ ಇನ್ನೊಂದು ಉಪಾಯ ಮಾಡಿದ್ದೀರಿ: 41 ಹೊಸ ಹೆಸರುಗಳ ಪಟ್ಟಿಯನ್ನು ನೇರವಾಗಿ ‘ಕಾಲಮ್ಸ್’ಗೆ ಕೊಟ್ಟುಬಿಡುವುದು. ದಯವಿಟ್ಟು ಆ ಸಾಲನ್ನು ಅಳಿಸಿ. ಆಗ ಪಾಂಡಾಸ್ ತಾಳೆ ನೋಡುವುದು ಎಣಿಕೆಯನ್ನು ಮಾತ್ರ, ಯಾವುದು ಯಾವುದರ ಮೇಲೆ ಕೂತಿತು ಎಂಬುದನ್ನಲ್ಲ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಇದನ್ನು ಮಾಡಿ ಪೆಟ್ಟು ತಿಂದಿದ್ದೇನೆ. ಎರಡನೆಯ ಸುತ್ತಿನ ನಮೂನೆಯಲ್ಲಿ ತಂಡದವರು ಒಂದು ಪ್ರಶ್ನೆಯನ್ನು ಕೈಬಿಟ್ಟು ಬೇರೊಂದು ಕಡೆ ಒಂದನ್ನು ಸೇರಿಸಿದ್ದರು. ಒಟ್ಟು ಎಣಿಕೆ ಬದಲಾಗಲಿಲ್ಲ, ನಡುವಿನ ಕಾಲಂಗಳೆಲ್ಲ ಒಂದು ಮನೆ ಪಕ್ಕಕ್ಕೆ ಸರಿದವು. ಹಸು–ಎಮ್ಮೆಗಳ ಸಂಖ್ಯೆ ಮನೆಯ ಸದಸ್ಯರ ಸಂಖ್ಯೆ ಎಂಬ ಹೆಸರಿನಡಿ ಬಂದು ಕೂತಿತು. ಸರಾಸರಿ ಮೂರೂ ಚಿಲ್ಲರೆ ಬಂತು. ಚಿಕ್ಕ ಕುಟುಂಬಗಳು ಎಂದುಕೊಂಡು ಒಂದು ಪ್ಯಾರಾ ವಿಶ್ಲೇಷಣೆಯನ್ನೂ ಬರೆದೆ. ಕೊನೆಗೆ ಹಿಡಿದುಕೊಟ್ಟದ್ದು ಸೊನ್ನೆ. ಸದಸ್ಯರೇ ಇಲ್ಲದ ಮನೆಯಲ್ಲಿ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಯಾರು ಎಂದು ಹಿರಿಯರೊಬ್ಬರು ಕೇಳಿದಾಗ ನನ್ನಲ್ಲಿ ಮಾತಿರಲಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎನ್ನುತ್ತಾರಲ್ಲ, ಕಾಲಂಗಳ ವಿಷಯದಲ್ಲಿ ಆ ಗಾದೆ ಅಕ್ಷರಶಃ ನಿಜ.

ಆದ್ದರಿಂದ ಹೆಸರುಗಳು ತಾಳೆಯಾದ ಮೇಲೆ ಒಳಗಿನ ಮೌಲ್ಯಗಳನ್ನು ನೋಡದೆ ಜೋಡಿಸಬಾರದು. ಆರಂಭದಲ್ಲಿ ಬಾಕಿ ಉಳಿಸಿದ್ದ ಮಾತು ಇದೇ. ನೀವು ಕಳುಹಿಸಿದ ಐವತ್ತು ಸಾಲುಗಳಲ್ಲಿ ಪಾಂಡವಪುರದ ಜಮೀನಿನ ಕಾಲಮನ್ನು ನೋಡಿ: 1.75, 0.5, 2.25, 3. ಈಗ ಮಳವಳ್ಳಿಯದನ್ನು ನೋಡಿ: 1.20, 0.30, 2.35, 1.05, 0.38. ಐವತ್ತರಲ್ಲಿ ಒಂದರಲ್ಲಾದರೂ ಚುಕ್ಕೆಯ ಬಲಕ್ಕೆ 39ನ್ನು ಮೀರಿದ ಅಂಕಿ ಇಲ್ಲ. ಎಕರೆಯ ದಶಮಾಂಶವಾಗಿದ್ದರೆ 0.5, 0.75 ಎಂಬಂಥವು ಎಲ್ಲಿಯಾದರೂ ತಲೆ ಹಾಕಲೇಬೇಕಿತ್ತು. ಮಳವಳ್ಳಿಯ ತಂಡದವರು ಪಹಣಿಯ ರೂಢಿಯಲ್ಲಿ ಎಕರೆ–ಗುಂಟೆ ಬರೆದಿದ್ದಾರೆ, ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ತಲೆಬರಹದಲ್ಲಿ ಮಾತ್ರ ‘ಎಕರೆ’ ಎಂದಿದೆ. ಎಕರೆಗೆ 40 ಗುಂಟೆ. ಹಾಗಾಗಿ 1.20 ಎಂದರೆ ಒಂದೂವರೆ ಎಕರೆ. ದಶಮಾಂಶವೆಂದು ಓದಿದರೆ ಆ ಮನೆಯವರ 12 ಗುಂಟೆ ನೆಲ ನಿಮ್ಮ ಕಂಪ್ಯೂಟರಿನಲ್ಲಿ ಮಾಯವಾಗುತ್ತದೆ. 0.30 ಎಂದರೆ ಮುಕ್ಕಾಲು ಎಕರೆ. ತಪ್ಪಾಗಿ ಓದಿದರೆ ಮೂವತ್ತು ಗುಂಟೆಯ ಒಡೆಯನಿಗೆ ಉಳಿಯುವುದು ಹನ್ನೆರಡು ಗುಂಟೆ.

ಇದು ಸರಾಸರಿಯಲ್ಲಿ ಸ್ವಲ್ಪ ಏರುಪೇರು ಮಾಡಿ ಸುಮ್ಮನಾಗುವ ತಪ್ಪಲ್ಲ. ನಿಮ್ಮ ಪ್ರಶ್ನಾವಳಿಯ ಪ್ರಕಾರ ಕುಟುಂಬಗಳನ್ನು ಅತಿಸಣ್ಣ, ಸಣ್ಣ ಎಂದು ವಿಂಗಡಿಸಬೇಕಿದೆ. ಒಂದು ಹೆಕ್ಟೇರಿಗಿಂತ, ಅಂದರೆ ಸುಮಾರು 2.47 ಎಕರೆಗಿಂತ, ಕಡಿಮೆ ಹಿಡುವಳಿಯವರು ಅತಿಸಣ್ಣ ರೈತರು. ಮಳವಳ್ಳಿಯ 2.35ನ್ನು ಹಾಗೆಯೇ ತೆಗೆದುಕೊಂಡರೆ ಆ ಕುಟುಂಬ ಅತಿಸಣ್ಣ ಗುಂಪಿಗೆ ಹೋಗುತ್ತದೆ. ಎರಡು ಎಕರೆ ಮೂವತ್ತೈದು ಗುಂಟೆ ಎಂದು ಸರಿಯಾಗಿ ಓದಿದರೆ 2.875 ಎಕರೆಯಾಗಿ ಸಣ್ಣ ರೈತರ ಗುಂಪಿಗೆ ಸೇರುತ್ತದೆ. ಎರಡು ಕಾಲಂಗಳು ಕೂಡಿಕೊಳ್ಳದೆ ಅರ್ಧರ್ಧ ಖಾಲಿ ಉಳಿದದ್ದು ನಿಮ್ಮ ಪುಣ್ಯ. ತಲೆಬರಹದಲ್ಲಿ ಆ ಒಂದು ಜಾಗದ ವ್ಯತ್ಯಾಸ ಇಲ್ಲದಿದ್ದರೆ ಎಲ್ಲವೂ ಒಂದೇ ಕಾಲಮಿನಲ್ಲಿ ಸೊಗಸಾಗಿ ತುಂಬಿಕೊಂಡು, ನೀವು ನನಗೆ ಪತ್ರವನ್ನೇ ಬರೆಯುತ್ತಿರಲಿಲ್ಲ.

ಹಾಗಾಗಿ ಮಳವಳ್ಳಿಯ ಕಾಲಮಿಗೆ ಬೇರೆಯೇ ಹೊಸ ಹೆಸರು ಕೊಡಿ, ಅದರಲ್ಲಿ ‘ಎಕರೆ ಗುಂಟೆ’ ಎಂದು ಬರುವಂತಿರಲಿ. ಆ ಕಾಲಮನ್ನು ಸಂಖ್ಯೆಯಾಗಿ ಓದದೆ ಪಠ್ಯವಾಗಿ ಓದಿ, ಚುಕ್ಕೆಯ ಬಳಿ ಒಡೆದು, ಬಲಭಾಗವನ್ನು 40ರಿಂದ ಭಾಗಿಸಿ ಎಡಭಾಗಕ್ಕೆ ಕೂಡಿ. ಹೀಗೆ ಬಂದ ದಶಮಾಂಶ ಎಕರೆಯನ್ನು ಮೂರನೆಯ ಹೆಸರಿನ ಕಾಲಮಿನಲ್ಲಿ ಇಟ್ಟುಕೊಳ್ಳಿ; ಜೋಡಿಸಬೇಕಾದದ್ದು ಅದನ್ನು. ಬಲಭಾಗ 40 ಅಥವಾ ಅದಕ್ಕಿಂತ ಹೆಚ್ಚು ಬಂದ ಸಾಲು ಒಂದೇ ಒಂದು ಸಿಕ್ಕರೂ ಕೋಡು ನಿಂತು ಆ ಸಾಲನ್ನು ತೋರಿಸಬೇಕು.

ಶ್ರೀರಂಗಪಟ್ಟಣದ ಫೈಲಿನ ತಲೆಬರಹ ಮಳವಳ್ಳಿಯಂತೆಯೇ ಇದ್ದರೂ ಮೌಲ್ಯಗಳಲ್ಲಿ 0.75 ಮತ್ತು 1.5 ಕಾಣುತ್ತಿವೆ. 0.75 ಗುಂಟೆಯಾಗಿರಲು ಸಾಧ್ಯವಿಲ್ಲ. 1.5 ಮಾತ್ರ ಎರಡೂ ಕಡೆಗೆ ಎಳೆಯಬಹುದಾದದ್ದು: ಒಂದೂವರೆ ಎಕರೆಯೂ ಆಗಬಹುದು, ಒಂದು ಎಕರೆ ಐದು ಗುಂಟೆಯೂ ಆಗಬಹುದು. ಅಲ್ಲಿ ಇಬ್ಬರು ಗಣತಿದಾರರು ಕೆಲಸ ಮಾಡಿದ್ದರೆ ಒಬ್ಬೊಬ್ಬರ ಸಾಲುಗಳನ್ನು ಬೇರೆ ಮಾಡಿ ಇದೇ ಪರೀಕ್ಷೆಯನ್ನು ನಡೆಸಿ; ರೂಢಿ ತಾಲ್ಲೂಕಿನದ್ದಲ್ಲ, ಬರೆಯುವವರದ್ದು.

ಉಳಿದ ಕಾಲಂಗಳಿಗೆ ಇಷ್ಟು ಪರಿಶೀಲನೆ ಬೇಕಾಗುವುದಿಲ್ಲ. ವಯಸ್ಸು ಸೊನ್ನೆಗೂ ನೂರಹತ್ತಕ್ಕೂ ನಡುವೆ ಇದೆಯೇ, ಗಂಡಸರು ಮತ್ತು ಹೆಂಗಸರ ಮೊತ್ತ ಒಟ್ಟು ಸದಸ್ಯರಿಗೆ ಸರಿಹೋಗುತ್ತದೆಯೇ, ಕಬ್ಬು ಬೆಳೆದಿಲ್ಲ ಎಂದವರ ಸಾಲಿನಲ್ಲಿ ಕಬ್ಬಿನ ಟನ್ನುಗಳು ತುಂಬಿವೆಯೇ ಎಂದು ನೋಡಿದರೆ ಸಾಕು. ಜೋಡಿಸಿದ ಮೇಲೆ ನಾಲ್ಕು ಫೈಲುಗಳ ಸಾಲುಗಳ ಮೊತ್ತ ಹೊಸ ಟೇಬಲಿನ ಸಾಲುಗಳಿಗೆ ಸಮನಾಗಿರಬೇಕು. ಅದಕ್ಕಿಂತ ಉಪಯುಕ್ತವಾದ ಇನ್ನೊಂದು ಟೇಬಲ್ ಇದೆ: ಪ್ರತಿ ತಾಲ್ಲೂಕಿಗೆ ಒಂದು ಸಾಲು, ಪ್ರತಿ ಕಾಲಮಿಗೆ ಒಂದು ಸೆಲ್ಲು, ಅದರಲ್ಲಿ ಖಾಲಿಯಲ್ಲದ ಮೌಲ್ಯಗಳ ಎಣಿಕೆ. ‘ಗ್ರೂಪ್‌ಬೈ’ ಮಾಡಿ ‘ಕೌಂಟ್’ ಎಂದರೆ ಸಿಕ್ಕಿಬಿಡುತ್ತದೆ. ಯಾವುದಾದರೂ ತಾಲ್ಲೂಕಿನ ಸೆಲ್ಲಿನಲ್ಲಿ ಸೊನ್ನೆ ಕಂಡರೆ ಆ ತಂಡ ಆ ಪ್ರಶ್ನೆಯನ್ನೇ ಕೇಳಿಲ್ಲ, ಇಲ್ಲವೇ ಹೆಸರು ಎಲ್ಲಿಯೋ ತಪ್ಪಿದೆ.

ಕೋಡಿನಿಂದ ಸರಿಪಡಿಸಲಾಗದ ಒಂದು ಕೆಲಸ ಮಾತ್ರ ಉಳಿಯುತ್ತದೆ. ಮಳವಳ್ಳಿಯ ಹಾಳೆಯ 17, 29 ಮತ್ತು 44ನೆಯ ಸಾಲುಗಳಲ್ಲಿ ಜಮೀನು 2.1, 1.3, 1.1 ಎಂದು ಒಂದೇ ಅಂಕಿಗೆ ನಿಂತಿದೆ. ಉಳಿದ ಸೆಲ್ಲುಗಳು ಪಠ್ಯವಾಗಿದ್ದು ಕೊನೆಯ ಸೊನ್ನೆಯನ್ನು ಉಳಿಸಿಕೊಂಡಿವೆ. ಈ ಮೂರನ್ನು ಎಕ್ಸೆಲ್ ಸಂಖ್ಯೆಯೆಂದು ಹಿಡಿದಿರುವುದರಿಂದ ಸೊನ್ನೆ ಇದ್ದಿದ್ದರೂ ಉದುರಿಹೋಗಿರುತ್ತದೆ. 2.1 ಎಂಬುದು ಎರಡು ಎಕರೆ ಒಂದು ಗುಂಟೆಯೋ, ಹತ್ತು ಗುಂಟೆಯೋ ಎಂದು ಈಗ ಫೈಲಿನಿಂದ ತಿಳಿಯುವ ದಾರಿಯಿಲ್ಲ. ಆ ಮೂರು ಮನೆಗಳ ಕಾಗದದ ನಮೂನೆಗಳನ್ನು ತೆಗೆಸಿ ನೋಡಿ. ಅಲ್ಲಿಯೂ ಹಾಗೆಯೇ ಬರೆದಿದ್ದರೆ ಗಣತಿದಾರರಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಮೂಲ ಫೈಲಿನಲ್ಲಿ ತಿದ್ದದೆ, ತಿದ್ದುಪಡಿಗಳಿಗೆಂದೇ ಇಟ್ಟ ಬೇರೆ ಹಾಳೆಯಲ್ಲಿ ದಿನಾಂಕದ ಸಮೇತ ಬರೆದುಕೊಳ್ಳಿ.